ಉಚಿತ ಕಾನೂನು ನೆರವು (ಬೆಂಗಳೂರು)

ಶುಲ್ಕ ತೆರಲಾಗದವರಿಗೆ ವಕೀಲರು ಅಥವಾ ಸರ್ಕಾರ ಒದಗಿಸುವ ಕಾನೂನು ಸೇವೆ. ಬಡವರಿಗೆ ಉಚಿತವಾಗಿ ನೆರವಾಗುವುದು ವಕೀಲರ ಅತ್ಯುನ್ನತ ಕರ್ತವ್ಯಗಳಲ್ಲೊಂದು ಎನ್ನುತ್ತವೆ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು. ವರ್ಷಕ್ಕೆ ಎಷ್ಟು ಪ್ರಕರಣ ಎಂಬ ಲೆಕ್ಕವನ್ನು ಮಾತ್ರ ವಕೀಲರ ಮನಸ್ಸಾಕ್ಷಿಗೇ ಬಿಟ್ಟಿವೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ ಈ ಹೊಣೆಯನ್ನು ಸರ್ಕಾರಕ್ಕೂ ವಹಿಸಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಅರ್ಹರು. ಕೈಗಾರಿಕಾ ಕಾರ್ಮಿಕರೂ ಈ ಪಟ್ಟಿಯಲ್ಲಿದ್ದಾರೆ. ಬಿನ್ನಿ ಗಿರಣಿಯಿಂದಲೇ ಹೆಸರು ಪಡೆದ ಬಿನ್ನಿಪೇಟೆಯಂಥ ದುಡಿಮೆಗಾರರ ಬಡಾವಣೆಗೆ ಇದು ಸಣ್ಣ ಮಾತಲ್ಲ. ನಗರದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, ಸಹಾಯವಾಣಿ 15100. ಸರ್ಕಾರದ ಹೊರಗೆ, 2000ದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆಲ್ಟರ್ನೇಟಿವ್ ಲಾ ಫೋರಂ ಎಂಬ ವಕೀಲರ ಬಳಗ ಕಾರ್ಮಿಕರು, ಲೈಂಗಿಕ ಅಲ್ಪಸಂಖ್ಯಾತರು ಮೊದಲಾದವರ ಪರವಾಗಿ ಕೆಲಸ ಮಾಡುತ್ತ ಬಂದಿದೆ.