ಅರ್ಧ ಹುಲಿ

ನನ್ನ ಹಾರ್ಡ್ ಡಿಸ್ಕಿನಲ್ಲಿ 'ಗೋಡೆ' ಅಂತ ಒಂದು ಫೋಲ್ಡರ್ ಇದೆ. ಹೆಸರು ಗೋಡೆ ಅಂತಿದ್ದರೂ ಅದರಲ್ಲಿ ಬೆಂಗಳೂರಿನ ಪ್ರತಿಮೆ, ಅಂಗಡಿ ಬೋರ್ಡು, ವೀರಗಲ್ಲು, ಸಿನಿಮಾ ಪೋಸ್ಟರು ಎಲ್ಲ ಇವೆ. ಅವುಗಳ ಮುಂದೆ ನಿಂತವರು, ಕೂತವರು, ಮಲಗಿದವರೂ ಇದ್ದಾರೆ. ಒಟ್ಟು ನಾಲ್ಕು ಸಾವಿರ ಚಿಲ್ಲರೆ ಫೋಟೊ. ಶನಿವಾರ ಬೆಳಗ್ಗೆ ರಿಲೀಸು ಗಿಲೀಸು ಅಂತ ತಲೆನೋವು ಇಲ್ಲದಿದ್ದರೆ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಹೊರಡೋದು ನನ್ನ ರೂಢಿ.

ದಿನಾಂಕದ ಪ್ರಕಾರ ಜೋಡಿಸಿದರೆ ಮೊದಲು ಬರುವ ಫೋಟೊ 2009ರದ್ದು. ಆಗ ನನ್ನ ಹತ್ರ ಕ್ಯಾಮೆರಾ ಇರಲಿಲ್ಲ. ಎರಡು ಮೆಗಾಪಿಕ್ಸೆಲ್ ಫೋನಿನಲ್ಲಿ, ಸಿಗ್ನಲ್ ಬಿಟ್ಟು ಹೊರಟ ಬಸ್ಸಿನ ಕಿಟಕಿಯಿಂದ ತೆಗೆದದ್ದು. ಉದ್ದ ಕಾಂಪೌಂಡು ಗೋಡೆ, ಅದರ ಮೇಲೆ ಅರ್ಧ ಹುಲಿ. ತಲೆ, ಎದೆ, ಮುಂಗಾಲು ಬಣ್ಣ ಪಡೆದಿವೆ. ಹಿಂಭಾಗದಲ್ಲಿ ಬರೀ ಸೀಮೆಸುಣ್ಣದ ಚೌಕಗಳು. ಏಣಿ ಮೇಲೆ ಒಬ್ಬರು ನಿಂತಿದ್ದಾರೆ. ಬೆನ್ನು ಮಾತ್ರ ಕಾಣುತ್ತೆ.

ಆ ವರ್ಷ ಬೆಂಗಳೂರಿನಲ್ಲಿದ್ದವರಿಗೆ ನೆನಪಿರಬಹುದು. ಬಿಬಿಎಂಪಿಯವರು ಇದ್ದಕ್ಕಿದ್ದ ಹಾಗೆ ಮುಖ್ಯರಸ್ತೆಗಳ ಗೋಡೆಗಳಿಗೆಲ್ಲ ಚಿತ್ರ ಬರೆಸೋಕೆ ಶುರು ಮಾಡಿದರು. ಹಂಪಿಯ ಕಲ್ಲಿನ ರಥ, ಗೊಮ್ಮಟ, ಜೋಗದ ಗುಂಡಿ, ಯಕ್ಷಗಾನದ ವೇಷ, ಮೈಸೂರು ದಸರಾ, ಆನೆ, ಹುಲಿ, ನವಿಲು. ಉದ್ದೇಶ ಕಲೆಯೇನಲ್ಲ, ಪೋಸ್ಟರ್ ಅಂಟಿಸೋದು ನಿಲ್ಲಲಿ, ಗೋಡೆ ಕಂಡಲ್ಲಿ ಉಚ್ಚೆ ಹೊಯ್ಯೋದು ನಿಲ್ಲಲಿ ಅಂತ. ಇಂಗ್ಲಿಷ್ ಪತ್ರಿಕೆ ಓದುವ ಜನ ಮೂಗು ಮುರಿದರು. ಹುಲಿ ಬೆಕ್ಕಿನ ಹಾಗಿದೆ, ಜಲಪಾತ ಕ್ಯಾಲೆಂಡರಿನ ಹಾಗಿದೆ ಅಂದರು. ನಿಜ, ಕೆಲವು ಹಾಗೇ ಇದ್ದವು. ಆದರೆ ಅದನ್ನು ಬರೆದವರು ಯಾರು ಅನ್ನೋ ಕಡೆಗೆ ಹೆಚ್ಚಿನವರ ಗಮನ ಹೋಗಲಿಲ್ಲ.

ಬರೆದವರು ಸಿನಿಮಾ ಬ್ಯಾನರ್ ಮತ್ತು ಅಂಗಡಿ ಬೋರ್ಡ್ ಬರೆಯುತ್ತಿದ್ದ ಪೇಂಟರುಗಳು.

ಇದರ ಹಿಂದೆ ಒಂದು ಇತಿಹಾಸ ಇದೆ. ಕೆ.ಜಿ. ರಸ್ತೆ ಮತ್ತು ಗಾಂಧಿನಗರದ ಸುತ್ತ ಒಂದು ಕಾಲಕ್ಕೆ ಸಾಗರ್, ತ್ರಿಭುವನ್, ಸಂತೋಷ್, ನರ್ತಕಿ, ಕಪಾಲಿ ಅಂತ ಥಿಯೇಟರುಗಳ ಸಾಲೇ ಇತ್ತು. ಶುಕ್ರವಾರ ಬಂತು ಅಂದ್ರೆ ಹೊಸ ಚಿತ್ರ, ಹೊಸ ಕಟೌಟು. ನಾಲ್ಕು ಅಂಗುಲದ ಸ್ಟಿಲ್ ಫೋಟೊ ನೋಡಿಕೊಂಡು ನಲವತ್ತು ಅಡಿಯ ರಾಜ್‌ಕುಮಾರ್ ಬರೆಯಬೇಕು. ಹೇಗೆ? ಫೋಟೊ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಚೌಕ ಹಾಕೋದು, ಬಟ್ಟೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹಾಕೋದು, ಆಮೇಲೆ ಒಂದೊಂದು ಚೌಕದಲ್ಲಿ ಇದ್ದದ್ದನ್ನು ಹಿಗ್ಗಿಸುತ್ತಾ ಹೋಗೋದು. ಹತ್ತಿರದಿಂದ ನೋಡಿದರೆ ಅದು ಕಣ್ಣೋ ಕೆನ್ನೆಯೋ ಬರೆಯುವವರಿಗೂ ಗೊತ್ತಾಗಲ್ಲ. ರಸ್ತೆ ದಾಟಿ ಆ ಕಡೆ ನಿಂತು ನೋಡಿದಾಗಲೇ ಮುಖ. ನಾವು ಕಂಪ್ಯೂಟರ್ ಗ್ರಾಫಿಕ್ಸ್ ಪೇಪರಿನಲ್ಲಿ ಸ್ಕೇಲಿಂಗ್ ಅಂತ ಓದಿ ಹತ್ತು ಮಾರ್ಕು ತಗೊಂಡದ್ದು ಇದೇ ವಿದ್ಯೆ. ಅವರು ಹಗ್ಗಕ್ಕೆ ಜೋತುಬಿದ್ದು ಮಾಡುತ್ತಿದ್ದರು.

2000ದ ನಂತರ ಫ್ಲೆಕ್ಸ್ ಬಂತು. ಹದಿನೈದು ದಿನದ ಕೆಲಸ ಒಂದು ರಾತ್ರಿಯಲ್ಲಿ ಪ್ರಿಂಟ್ ಆಗಿ ಬರತೊಡಗಿತು. ಥಿಯೇಟರಿನ ಕೆಲಸ ಮೊದಲು ಹೋಯ್ತು, ಆಮೇಲೆ ರಾಜಕೀಯದವರ ಬ್ಯಾನರು, ಆಮೇಲೆ ಮೂಲೆ ಅಂಗಡಿಯ ಬೋರ್ಡೂ ಹೋಯ್ತು. ಹಾಗಾಗಿ 2009ರ ಗೋಡೆಗಳು ಆ ಪೇಂಟರುಗಳಿಗೆ ಸಿಕ್ಕಿದ ಕೊನೆಯ ದೊಡ್ಡ ಕೆಲಸಗಳಲ್ಲಿ ಒಂದು. ಹೈಕೋರ್ಟು ಗದರಿಸಿದ ಮೇಲೆ 2018ರಲ್ಲಿ ಬೆಂಗಳೂರಿನಲ್ಲಿ ಫ್ಲೆಕ್ಸ್ ನಿಷೇಧ ಆಯ್ತು ನಿಜ. ಅಷ್ಟರಲ್ಲಿ ಬ್ರಷ್ ಹಿಡಿದ ಕೈಗಳು ಬೇರೆ ಕೆಲಸ ಹಿಡಿದಿದ್ದವು.

ಇಷ್ಟು ವಿವರ ನನಗೆ ಹೇಗೆ ಗೊತ್ತು ಅಂದ್ರೆ, ಏಣಿ ಮೇಲಿದ್ದ ಆ ಬೆನ್ನು ನನ್ನ ಚಿಕ್ಕಪ್ಪನದು.

ಚಿಕ್ಕಪ್ಪ ನಮ್ಮೂರ ಹತ್ತಿರದ ತಾಲ್ಲೂಕಿನಲ್ಲಿ ಬೋರ್ಡ್ ಬರೆಯುತ್ತಿದ್ದರು. ಕೊಬ್ಬರಿ ಮಂಡಿ, ಗೊಬ್ಬರದಂಗಡಿ, ಟ್ರ್ಯಾಕ್ಟರ್ ಟ್ರೇಲರಿನ ಹಿಂಭಾಗ, ಜಾತ್ರೆಗೆ ಬರುವ ನಾಟಕ ಕಂಪನಿಯ ಪರದೆ, ಏನು ಕೊಟ್ಟರೂ ಬರೆಯೋರು. ದಾರಕ್ಕೆ ಸೀಮೆಸುಣ್ಣ ಸವರಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾವು ಹಿಡಿದು ಟಪ್ ಅಂತ ಮೀಟಿದರೆ ಗೋಡೆ ಮೇಲೆ ನೆಟ್ಟಗೆ ಗೆರೆ ಬೀಳೋದು. ರಜೆಯಲ್ಲಿ ನನಗೆ ಅದೇ ಕೆಲಸ. ನನ್ನ ಮೊದಲನೇ ಸೆಮಿಸ್ಟರಿನ ಹಾಸ್ಟೆಲ್ ಫೀಸಿನಲ್ಲಿ ಒಂದಿಷ್ಟು ಅವರ ಬೋರ್ಡಿನ ದುಡ್ಡೂ ಇತ್ತು. ತಾಲ್ಲೂಕಿನಲ್ಲೂ ಫ್ಲೆಕ್ಸ್ ಅಂಗಡಿ ಬಂದ ಮೇಲೆ, ಬೆಂಗಳೂರಲ್ಲಿ ಗೋಡೆ ಕೆಲಸ ಇದೆ ಅಂತ ಯಾರೋ ಹೇಳಿ ಅವರನ್ನ ಕರ್ಕೊಂಡು ಬಂದರು.

ನನಗೆ ಅವರು ಬಂದಿರೋದು ಗೊತ್ತಿತ್ತು, ಎಲ್ಲಿ ಬರೀತಿದ್ದಾರೆ ಅಂತ ಗೊತ್ತಿರಲಿಲ್ಲ. ಅವತ್ತು ಬಸ್ಸಿನಲ್ಲಿ ನನ್ನ ಜೊತೆ ಐದಾರು ಜನ ಕ್ಲಾಸ್‌ಮೇಟ್ಸ್ ಇದ್ದರು. ಸಿಗ್ನಲ್ಲಿನಲ್ಲಿ ಬಸ್ ನಿಂತಾಗ ಒಬ್ಬ ಹುಲಿ ನೋಡಿ ಏನೋ ಜೋಕ್ ಮಾಡಿದ, ಎಲ್ಲ ನಕ್ಕರು. ತಿರುಗಿ ನೋಡಿದೆ. ಅಂಗಿಯ ಬೆನ್ನಿನ ಮೇಲೆ ಬಣ್ಣ, ಎಡಗೈಯಲ್ಲಿ ಡಬ್ಬಿ, ಬಲಗೈಯಲ್ಲಿ ಬ್ರಷ್, ಒಂದು ಭುಜ ಸ್ವಲ್ಪ ಇಳಿಸಿ ನಿಲ್ಲುವ ಭಂಗಿ. ಆ ಬೆನ್ನನ್ನ ಎಲ್ಲಿದ್ರೂ ಗುರುತು ಹಿಡೀತೀನಿ. ಮುಂದಿನ ಸ್ಟಾಪು ಇನ್ನೂರು ಅಡಿ ದೂರದಲ್ಲಿತ್ತು. ಇಳಿಯಲಿಲ್ಲ. ಫೋನ್ ತೆಗೆದು ಒಂದು ಫೋಟೊ ಹೊಡೆದೆ. ಗೋಡೆ ಫೋಟೊ ತೆಗೀತಿದ್ದೀನಿ ಅಂತ ಅವರೆಲ್ಲ ತಿಳ್ಕೊಂಡರು, ನಾನೂ ಹಾಗೇ ನಟಿಸಿದೆ.

ನಾನು ನಗರದ ಫೋಟೊ ತೆಗೆಯೋಕೆ ಶುರು ಮಾಡಿದ್ದು ಹೀಗೆ. ಕೇಳಿದವರಿಗೆಲ್ಲ ಟಿ.ಎಸ್. ಸತ್ಯನ್ ಅವರ ಫೋಟೊ ನೋಡಿ ಹುಚ್ಚು ಹಿಡೀತು ಅಂತ ಹೇಳ್ತಾ ಬಂದಿದ್ದೀನಿ. ಅದೂ ಸುಳ್ಳಲ್ಲ. ಮೈಸೂರಿನ ಸತ್ಯನ್ ಡೆಕ್ಕನ್ ಹೆರಾಲ್ಡಿನಿಂದ ಹಿಡಿದು ಲೈಫ್ ಪತ್ರಿಕೆಯವರೆಗೆ ಕೆಲಸ ಮಾಡಿದವರು, ಆದರೆ ಅವರ ಕ್ಯಾಮೆರಾಕ್ಕೆ ಸಾಮಾನ್ಯ ಜನರೇ ಇಷ್ಟ. ಅವರ ಚಿತ್ರದಲ್ಲಿರೋ ಯಾರೂ ಸಣ್ಣವರಾಗಿ ಕಾಣಲ್ಲ. ಕ್ಯಾಮೆರಾ ಕೊಂಡ ಮೇಲೆ ನಾನು ಕಲಿಯೋಕೆ ಹೊರಟಿದ್ದು ಅದನ್ನೇ.

ಕ್ಯಾಮೆರಾ ಕೊಂಡ ಹೊಸದರಲ್ಲಿ ಎಲ್ಲರ ಹಾಗೆ ಕಬ್ಬನ್ ಪಾರ್ಕಿಗೆ ಹೋದೆ. ಅಲ್ಲಿರೋ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ ಥಾಮಸ್ ಬ್ರಾಕ್ ಮಾಡಿದ್ದು. 1906ರಲ್ಲಿ ಅದನ್ನ ಅನಾವರಣ ಮಾಡಿದ್ದು ಆಗಿನ ಯುವರಾಜ, ಮುಂದೆ ಐದನೇ ಜಾರ್ಜ್ ಆದವನು. ದೇಶದ ಎಷ್ಟೋ ಊರುಗಳಲ್ಲಿ ಸ್ವಾತಂತ್ರ್ಯದ ನಂತರ ರಾಣಿಯನ್ನ ಮ್ಯೂಸಿಯಮ್ಮಿಗೋ ಗೋಡೌನಿಗೋ ಸಾಗಿಸಿದರು. ಇಲ್ಲಿ ಅವಳು ಕದಲಲಿಲ್ಲ. ಒಂದು ಕಡೆ ದಂಡು, ಇನ್ನೊಂದು ಕಡೆ ಪೇಟೆ, ಎರಡರ ಗಡಿಯಲ್ಲಿ ಹಾಗೇ ನಿಂತಿದ್ದಾಳೆ. ನನ್ನ ಫೋಟೊದಲ್ಲಿ ಅವಳ ಪೀಠದ ನೆರಳಲ್ಲಿ ಒಬ್ಬ ಡೆಲಿವರಿ ಹುಡುಗ ಹೆಲ್ಮೆಟ್ ತಲೆದಿಂಬು ಮಾಡ್ಕೊಂಡು ಮಲಗಿದ್ದಾನೆ. ಮುಖ ಕಾಣದ ಹಾಗೆ ತೆಗೆದಿದ್ದೀನಿ. ಮಲಗಿದವರ ಮುಖ ತೆಗೆಯಬಾರದು ಅನ್ನೋದು ನಾನೇ ಮಾಡ್ಕೊಂಡ ನಿಯಮ.

ಹೈಕೋರ್ಟಿನ ಮುಂದೆ ಕುದುರೆ ಮೇಲೆ ಕೂತಿದ್ದ ಮಾರ್ಕ್ ಕಬ್ಬನ್ನನ ಕಥೆ ಬೇರೆ. 1866ರಲ್ಲಿ ನಿಲ್ಲಿಸಿದ ಆ ಪ್ರತಿಮೆ ಮಾರೊಚೆಟ್ಟಿ ಅನ್ನೋ ಶಿಲ್ಪಿಯ ಕೆಲಸ. ಮೊದಲು ಪರೇಡ್ ಮೈದಾನದಲ್ಲಿತ್ತು, ಆಮೇಲೆ ಅಠಾರ ಕಚೇರಿಯ ಮುಂದೆ ಬಂತು, 2020ರಲ್ಲಿ ಅಲ್ಲಿಂದಲೂ ಎತ್ತಿ ಪಾರ್ಕಿನ ಒಳಗೆ ಇಟ್ಟರು. ಕೆಂಪು ಕಟ್ಟಡದ ಹಿನ್ನೆಲೆಯಲ್ಲಿ ಅದು ಕಾಣುವ ನನ್ನದೊಂದು ಫೋಟೊ ಇತ್ತು. ಕಳಪೆ ಫೋಟೊ, ನಡುವೆ ಒಂದು ವೈರು ಬೇರೆ ಬಂದಿದೆ. ಅಳಿಸಬೇಕು ಅಂದ್ಕೊಂಡಿದ್ದೆ. ಈಗ ಅದು ದಾಖಲೆ.

ಹೀಗೆ ಹಿಂದೆ ಹಿಂದೆ ಹೋಗ್ತಾ ಬೇಗೂರಿಗೆ ತಲುಪಿದೆ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಶಾಸನ ಇದೆ. ಗಂಗರ ಕಾಲದ ನಾಗತ್ತರನ ಕಡೆಯವನೊಬ್ಬ ಬೆಂಗಳೂರಿನ ಕಾಳಗದಲ್ಲಿ ಸತ್ತ ಸುದ್ದಿ ಅದರಲ್ಲಿದೆ. ಹೊಯ್ಸಳ ರಾಜನಿಗೆ ಅಜ್ಜಿ ಬೆಂದಕಾಳು ಕೊಟ್ಟಳು, ಅದಕ್ಕೇ ಬೆಂಗಳೂರು ಅಂತ ನಾವು ಸ್ಕೂಲಲ್ಲಿ ಓದಿದ ಕಥೆಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಊರಿನ ಹೆಸರು ಕಲ್ಲಿನ ಮೇಲಿತ್ತು!

ವೀರಗಲ್ಲಿನ ಫೋಟೊ ತೆಗೆಯೋಕೆ ಒಂದು ಗುಟ್ಟಿದೆ. ಮಧ್ಯಾಹ್ನ ಹೋದರೆ ಕಲ್ಲು ಚಪ್ಪಟೆ, ಏನೂ ಕಾಣಲ್ಲ. ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆ ಏಳು ಗಂಟೆಗೆ ಹೋಗಬೇಕು. ಆಗ ಪ್ರತಿ ಗೀರಿಗೂ ನೆರಳು ಹುಟ್ಟಿ, ಅಕ್ಷರ ಮೇಲೆದ್ದು ಬರ್ತವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ಸತ್ತವನನ್ನ ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಿನದರಲ್ಲಿ ಸ್ವರ್ಗ. ಹೆಚ್ಚಿನ ವೀರಗಲ್ಲುಗಳನ್ನ ಹೀಗೆ ಕೆಳಗಿಂದ ಮೇಲಕ್ಕೆ ಓದಬೇಕು. ನಮ್ಮೂರ ಕೆರೆ ಏರಿಯ ಮೇಲೂ ಇಂಥವು ಎರಡಿವೆ. ಚಿಕ್ಕವನಿದ್ದಾಗ ಅದರ ಮೇಲೆ ಎಮ್ಮೆ ಹಗ್ಗ ಕಟ್ಟಿದ್ದೀನಿ. ವೀರಗಲ್ಲು ಅಂತ ಗೊತ್ತಾಗಿದ್ದು ಬೆಂಗಳೂರಿಗೆ ಬಂದ ಮೇಲೆ.

ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ಪ್ರಕಟಿಸಿದ. ಅದರಲ್ಲಿರುವ ಎಷ್ಟೋ ಕಲ್ಲುಗಳು ಇವತ್ತು ಇಲ್ಲ. ಸೈಟು, ಚರಂಡಿ, ಪಾಯ ಎಲ್ಲೆಲ್ಲೋ ಸೇರಿಹೋಗಿವೆ. ಪಿ.ಎಲ್. ಉದಯಕುಮಾರ್ ಅನ್ನೋ ಇಂಜಿನಿಯರ್ ಮತ್ತವರ ಗೆಳೆಯರು ಕೆಲವು ವರ್ಷಗಳಿಂದ ಉಳಿದವನ್ನ ಹುಡುಕಿ, ಮೂರು ಆಯಾಮದ ಸ್ಕ್ಯಾನ್ ಮಾಡಿ ಇಡ್ತಿದ್ದಾರೆ. ಮಿಥಿಕ್ ಸೊಸೈಟಿಯೂ ಈ ಕೆಲಸದಲ್ಲಿ ಕೈಜೋಡಿಸಿದೆ. ಇಂಜಿನಿಯರುಗಳು ವೀಕೆಂಡಿನಲ್ಲಿ ನಂದಿಬೆಟ್ಟಕ್ಕಷ್ಟೇ ಹೋಗೋದು ಅಂದ್ಕೊಂಡಿದ್ದ ನನಗೆ ಇದು ಸಣ್ಣ ಪಾಠ ಆಯ್ತು.

ಬೀದಿಯ ಕಲೆಯಲ್ಲಿ ಕೆಲವನ್ನ ಕ್ಯಾಮೆರಾಕ್ಕೆ ಅಂತಲೇ ಮಾಡ್ತಾರೆ. ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯ ನೀರಿನಲ್ಲಿ ಹನ್ನೆರಡಡಿಯ ಮೊಸಳೆ ಬಿಟ್ಟರು, 2019ರಲ್ಲಿ ಹೇರೋಹಳ್ಳಿ ಕಡೆ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿಯನ್ನ ಚಂದ್ರನ ಮೇಲೆ ನಡೆಸಿದ ಹಾಗೆ ನಡೆಸಿದರು. ಮೊಸಳೆ ಅಲ್ಲಿದ್ದದ್ದು ಸ್ವಲ್ಪ ಹೊತ್ತು. ಫೋಟೊ ದೇಶ ಸುತ್ತಿತು, ಗುಂಡಿ ಮುಚ್ಚಿತು. 2009ರ ಪೇಂಟರುಗಳಿಗೆ ಈ ಅನುಕೂಲ ಇರಲಿಲ್ಲ. ಅವರ ಫೋಟೊ ತೆಗೆದು ಹಂಚೋಕೆ ಯಾರೂ ಕಾದು ನಿಂತಿರಲಿಲ್ಲ.

ಕಾನೂನಿನಲ್ಲೂ ಒಂದು ತಮಾಷೆ ಇದೆ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನು, ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ಇಟ್ಟ ಶಿಲ್ಪದ ಫೋಟೊ ತೆಗೆದು ಪ್ರಕಟಿಸೋಕೆ ಬಿಡುತ್ತೆ. ಆದರೆ ಗೋಡೆಯ ಮೇಲಿನ ವರ್ಣಚಿತ್ರಕ್ಕೆ ಆ ವಿನಾಯಿತಿಯ ಮಾತುಗಳು ಅನ್ವಯಿಸಲ್ಲ. ಅಂದ್ರೆ ರಾಣಿಯ ಫೋಟೊ ಹಾಕೋಕೆ ನಾನು ಯಾರನ್ನೂ ಕೇಳಬೇಕಿಲ್ಲ, ಹುಲಿಯ ಫೋಟೊ ಹಾಕೋಕೆ ಕೇಳಬೇಕು. ಯಾರನ್ನ? ಫೋಲ್ಡರಿನಲ್ಲಿ ಆ ವರ್ಷದ ಗೋಡೆಗಳ ಫೋಟೊ ನೂರಕ್ಕೂ ಮೇಲಿದೆ, ಕ್ಯಾಮೆರಾ ಬಂದ ಮೇಲೆ ಹುಡುಕಿ ಹುಡುಕಿ ತೆಗೆದದ್ದು. ಝೂಮ್ ಮಾಡಿ ಮೂಲೆ ಮೂಲೆ ನೋಡಿದ್ದೀನಿ. ಮೂರು ಕಡೆ ಬಿಟ್ಟರೆ ಬರೆದವರ ಹೆಸರಿಲ್ಲ. ಬೇಗೂರಿನ ಕಲ್ಲಿನಲ್ಲಿ ಸಾವಿರದ ನೂರು ವರ್ಷದ ಹಿಂದೆ ಸತ್ತವನ ಹೆಸರು ಓದೋಕೆ ಸಿಗುತ್ತೆ.

ಹುಲಿಯಿದ್ದ ಗೋಡೆ ಹುಡುಕ್ಕೊಂಡು ಕ್ಯಾಮೆರಾ ಸಮೇತ ಹೋದಾಗ ತಡವಾಗಿತ್ತು. ರಸ್ತೆ ಅಗಲ ಮಾಡೋಕೆ ಗೋಡೆ ಒಡೆದು ಹತ್ತಡಿ ಒಳಗೆ ಹೊಸದು ಕಟ್ಟಿದ್ದರು. ಹೊಸ ಗೋಡೆಗೆ ಬಣ್ಣ ಇಲ್ಲ. ಅಲ್ಲಿ ನಿಂತು ಫೋಟೊ ತೆಗೀತಿದ್ದಾಗ ಸೆಕ್ಯೂರಿಟಿಯವರು ಬಂದು, "ಏನ್ ಸಾರ್, ಇಲ್ಲೇನಿದೆ ಅಂತ ಫೋಟೊ ಹೊಡೀತೀರ?" ಅಂದರು. ಉತ್ತರ ಹೊಳೀಲಿಲ್ಲ.

ಹೋದ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಆ ಫೋಟೊ ಚಿಕ್ಕಪ್ಪನಿಗೆ ತೋರಿಸಿದೆ. ಈಗ ಅವರು ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೂರ್ತಾರೆ. ಕನ್ನಡಕ ಹುಡುಕಿ ಹಾಕ್ಕೊಂಡು, ಸ್ಕ್ರೀನಿಗೆ ಮುಖ ಹಚ್ಚಿ ನೋಡಿದರು. ಮೊದಲು ಹೇಳಿದ್ದು, "ಮುಂಗಾಲು ಗಿಡ್ಡ ಆಗದೆ ನೋಡು. ಆಮೇಲೆ ಸರಿ ಮಾಡ್ದೆ." ಆಮೇಲೆ ಕಿಟಕಿಯ ಕಂಬಿ, ಬಸ್ಸಿನ ಅಂಚು ಕಣ್ಣಿಗೆ ಬಿದ್ದಿರಬೇಕು.

"ಬಸ್ಸಲ್ಲಿದ್ದೇನೋ ಮಗ?"

ಹ್ಞೂಂ ಅಂದೆ.

"ಇಳೀಬೋದಿತ್ತಲ್ಲೋ. ಪಕ್ಕದಲ್ಲೇ ಟೀ ಅಂಗಡಿ ಇತ್ತು."

ಸ್ನೇಹಿತರಿದ್ರು ಚಿಕ್ಕಪ್ಪ, ಅಂದೆ. ಅವರು ಅದಕ್ಕೇನೂ ಹೇಳಲಿಲ್ಲ. ಫೋಟೊವನ್ನೇ ನೋಡ್ತಿದ್ದರು. ಚಿಕ್ಕಮ್ಮ ಕಡುಬಿನ ತಟ್ಟೆ ತಂದಿಟ್ಟರು, ಅವರಿಗೂ ತೋರಿಸಿದರು.

"ಪೂರ್ತಿ ಆದಮೇಲಿಂದು ಇಲ್ವ?" ಅಂತ ಕೇಳಿದರು. ಇಲ್ಲ ಅಂದೆ. "ಬಾಲ ಚೆನ್ನಾಗಿ ಬಂದಿತ್ತು ಕಣೋ" ಅಂದರು. ಊಟ ಆದಮೇಲೆ, ಇದೊಂದು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಡು ಅಂದರು. ಫ್ಲೆಕ್ಸಲ್ಲಿ ಬೇಡ, ಫೋಟೊ ಪೇಪರಲ್ಲಿ. ಬೆಂಗಳೂರಿಗೆ ಬಂದು ಎರಡು ಲ್ಯಾಬಿನಲ್ಲಿ ಕೇಳಿದೆ. ಎರಡು ಮೆಗಾಪಿಕ್ಸೆಲ್ ಸಾರ್, ಹಿಗ್ಗಿಸಿದರೆ ಚೌಕ ಚೌಕ ಕಾಣುತ್ತೆ ಅಂದರು. ಕಾಣಲಿ ಬಿಡಿ, ಹಾಕಿ ಅಂದಿದ್ದೀನಿ. ಶನಿವಾರ ಕೊಡ್ತಾರಂತೆ.