ಅಗಸಿ ಬಾಗಿಲಿಗೆ ಅಗಸಿ ಎಣ್ಣೆ
ನಮ್ಮೂರ ಮನೆಗಳು | ಭಾಗ 4

ಮೊದಲನೇ ಫೋಟೋದಲ್ಲಿ ಬೂದಿ ಬಣ್ಣಕ್ಕೆ ತಿರುಗಿದ ಬಾಗಿಲು ಕಾಣ್ತದಲ್ಲ, ಅದು ಕಾಳಗಿಯ ನಮ್ಮ ಮನೀದು. ಸಾಗವಾನಿ. ಎರಡು ತಿಂಗಳಿಂದ ಮನೆಯಲ್ಲಿ ಇದೇ ಜಗಳ. ಅಪ್ಪ ಆಯಿಲ್ ಪೇಂಟ್ ಹೊಡಿಯೋಣ ಅಂತಾರೆ, ನಾನು ಬ್ಯಾಡ ಅಂತೀನಿ.

ನೀವು ಈ ಕಡೆಯವರಾದರೆ ಗೊತ್ತೇ ಇರ್ತದ. ಚಿತ್ತಾಪುರ, ಸೇಡಂ, ಶಹಾಬಾದ್, ಎಲ್ಲಿ ನೋಡಿದರೂ ಹಾಸುಗಲ್ಲು. ಗೋಡೆ ಕಲ್ಲು, ನೆಲ ಕಲ್ಲು, ಕಟ್ಟೆನೂ ಕಲ್ಲು. ಮರ ಇರೋದು ಮಾಳಿಗೆಯ ತೊಲೆ, ಜಂತಿ, ಕಂಬಗಳಲ್ಲಿ. ಅವು ನೆರಳಲ್ಲಿ ಆರಾಮಾಗಿ ಇರ್ತಾವ. ಬಿಸಿಲು, ಮಳೆ ಎರಡನ್ನೂ ಮುಖಕ್ಕೆ ತಗೊಳ್ಳೋದು ಹೊರಬಾಗಿಲು ಒಂದೇ. ಮರದ ನಾರುಗಳನ್ನ ಹಿಡಿದಿಡೋ ಲಿಗ್ನಿನ್ ಅನ್ನೋ ಪದಾರ್ಥವನ್ನ ಬಿಸಿಲು ಒಡೆಯುತ್ತೆ, ಮಳೆ ತೊಳೆದುಬಿಡುತ್ತೆ. ಉಳಿದ ನಾರು ಬೂದಿ ಬಣ್ಣ. ಆದರೆ ಇದು ಬರೀ ಮೇಲಿನ ತೆಳು ಪದರದ ಕಥೆ, ಒಳಗೆ ಮರ ಗಟ್ಟಿ ಇರ್ತದ.

ಹಿಂದೆ ದೀಪಾವಳಿಗೆ ಬಾಗಿಲಿಗೆ ಎಣ್ಣೆ ತಿಕ್ಕತಿದ್ರು ಅಂತ ಅಜ್ಜಿ ಹೇಳಿದಳು. ಯಾವ ಎಣ್ಣೆ ಅಂತ ಕೇಳದೇ ನಾನು ಅಡುಗೆಮನೆಯ ಶೇಂಗಾ ಎಣ್ಣೆ ತಿಕ್ಕಿದೆ. ಇಡೀ ಬೇಸಿಗೆ ಬಾಗಿಲು ಅಂಟಂಟು, ಊರಿನ ಧೂಳೆಲ್ಲ ಅದರ ಮೇಲೆ. ಆಮೇಲೆ ಕೇಳಿದರೆ, "ಅಗಸಿ ಎಣ್ಣಿ ಅಲ್ಲೇನೋ ಹುಚ್ಚಾ!"

ಅಗಸಿ ಅಂದ್ರೆ ನಮ್ಮಲ್ಲಿ ಊರ ಹೆಬ್ಬಾಗಿಲೂ ಹೌದು, ಹಿಂಡಿ ಮಾಡೋ ಕಾಳೂ ಹೌದು. ಆ ಕಾಳಿನ ಎಣ್ಣೆಗೆ ಒಂದು ಗುಣ ಅದ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗ್ತದ. ಶೇಂಗಾ ಎಣ್ಣೆ ಯಾವತ್ತೂ ಹಂಗ ಒಣಗಲ್ಲ. ಕ್ರಿಕೆಟ್ ಬ್ಯಾಟಿಗೆ ನೀವು ಹಚ್ಚೋ ಲಿನ್ಸೀಡ್ ಆಯಿಲ್ ಇದೇ.

ಈ ಗುಣಕ್ಕಾಗಿಯೇ ನಮ್ಮ ದೇಶದ ಅಗಸಿ ಹಡಗು ಹತ್ತಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯ್ತು. ವಾಡಿಯಲ್ಲಿ ಮುಂಬೈ ಲೈನು ಕೂಡಿತು. ಹೈದರಾಬಾದ್ ಸಂಸ್ಥಾನದ ದೊಡ್ಡ ರಫ್ತುಗಳಲ್ಲಿ ಎಣ್ಣೆಬೀಜಗಳೂ ಇದ್ದವು. ಬ್ರಿಟನ್ನಿನಲ್ಲಿ ಅಗಸಿ ಎಣ್ಣೆ ಪೇಂಟ್ ಆಯ್ತು. 1860ರ ದಶಕದಲ್ಲಿ ಫ್ರೆಡರಿಕ್ ವಾಲ್ಟನ್, ಪೇಂಟ್ ಡಬ್ಬಿಯಲ್ಲಿ ಒಣಗಿದ ಅಗಸಿ ಎಣ್ಣೆಯ ಕೆನೆ ನೋಡಿ ನೆಲಕ್ಕೆ ಹಾಸೋ ಲಿನೋಲಿಯಮ್ ಮಾಡಿದ. ಅಪ್ಪ ಹೇಳೋ "ಆಯಿಲ್ ಪೇಂಟ್" ಅನ್ನೋ ಹೆಸರಿನಲ್ಲಿರೋ ಆಯಿಲ್ ಮೂಲದಲ್ಲಿ ಈ ಎಣ್ಣೆನೇ. ಕಚ್ಚಾ ಮಾಲು ಅಗ್ಗಕ್ಕೆ ಹೋಗಿ, ಡಬ್ಬಿ ದುಬಾರಿಗೆ ವಾಪಸ್! ಬಿಕಾಂ ಓದೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಅಪ್ಪನ ಮಾತಲ್ಲೂ ನಿಜ ಅದ. ಪೇಂಟಿನ ಬಣ್ಣ ಬಿಸಿಲು ತಡಿಯುತ್ತೆ, ಬರೀ ಎಣ್ಣೆ ಅಷ್ಟು ತಡಿಯಲ್ಲ, ವರ್ಷಾ ವರ್ಷಾ ಹಚ್ಚಬೇಕು. ಆದರೆ ಪೇಂಟ್ ಬಿರುಕು ಬಿಟ್ಟ ಮೇಲೆ ಒಳಗೆ ಹೋದ ನೀರು ಬೇಗ ಹೊರಗೆ ಬರಲ್ಲ. ಮೇಲೆ ಮಿಂಚು, ಒಳಗೆ ಕೊಳೆತ.

ನೀವೂ ಮಾಡೋರಿದ್ರೆ: ಸೌಮ್ಯ ಸೋಪಿನ ನೀರು, ಮೆತ್ತನೆ ಬ್ರಷ್, ನಾರಿನ ದಿಕ್ಕಿಗೆ ಉಜ್ಜಿ. ತಂತಿ ಬ್ರಷ್ ಬ್ಯಾಡ, ಅದರ ಕಬ್ಬಿಣದ ಚೂರು ಕಪ್ಪು ಕಲೆ ಮಾಡ್ತಾವ. ಬೂದಿ ತೆಗೆಯೋಕೆ ಆಕ್ಸಾಲಿಕ್ ಆಸಿಡ್ ಬಳಸ್ತಾರೆ. ಅದು ವಿಷ, ಕೈಗವಸು ಬೇಕೇ ಬೇಕು. ಇನ್ನೊಂದು, ನಮ್ಮ ಹೊಸ್ತಿಲ ಕಲ್ಲು ಸುಣ್ಣದ ಕಲ್ಲು, ಆಸಿಡ್ ಬಿದ್ದರೆ ಹೊಳಪು ಹೋಗ್ತದ. ಮೊದಲು ಪ್ಲಾಸ್ಟಿಕ್ ಹಾಸಿ. ಪೂರ್ತಿ ಒಣಗಿದ ಮೇಲೆ ಎಣ್ಣೆ ತೆಳುವಾಗಿ ಹಚ್ಚಿ, ಹೆಚ್ಚಿದ್ದನ್ನ ಒರೆಸಿಬಿಡಿ. ಒರೆಸಿದ ಬಟ್ಟೆ ಮುದ್ದೆ ಮಾಡಿ ಬಿಸಾಡಬ್ಯಾಡ್ರಿ. ಒಣಗುವಾಗ ಕಾವು ಏರಿ ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.

ನಿನ್ನೆ ಒಪ್ಪಂದ ಆಯ್ತು. ಎಡಗಡೆ ಕದ ನನಗೆ, ಬಲಗಡೆದು ಅಪ್ಪನ ಪೇಂಟಿಗೆ. ಮಳೆಗಾಲ ಮುಗಿದ ಮೇಲೆ ಎರಡರ ಫೋಟೋನೂ ಹಾಕ್ತೀನಿ.

#ಕಾಳಗಿ #ನಮ್ಮೂರಮನೆಗಳು #ಅಗಸಿ