ತಂತಿಯ ಹೊದಿಕೆಗೂ ವಯಸ್ಸಾಗುತ್ತದೆ

ಬೆಂಗಳೂರಿಗೆ ವಿದ್ಯುಚ್ಛಕ್ತಿ ಬಂದ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. 1902ರ ಜೂನ್ 30ರಂದು ಶಿವನಸಮುದ್ರದಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಾವೇರಿಯ ಶಕ್ತಿ ಹರಿಯಿತು. 1905ರ ಆಗಸ್ಟಿನಲ್ಲಿ ನಮ್ಮ ಬೀದಿಗಳಲ್ಲಿ ದೀಪ ಹತ್ತಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರನ್ನು ನೆನೆಯುತ್ತೇವೆ, ಜಲಪಾತವನ್ನು ನೆನೆಯುತ್ತೇವೆ, ತಾಮ್ರದ ತಂತಿಯನ್ನೂ ನೆನೆಯುತ್ತೇವೆ. ಆದರೆ ಆ ತಂತಿಯಲ್ಲಿ ಹರಿಯುವ ವಿದ್ಯುತ್ತು ಅಡ್ಡದಾರಿ ಹಿಡಿಯದಂತೆ ಕಾವಲು ನಿಂತ ವಸ್ತುಗಳಿವೆಯಲ್ಲ, ಪಿಂಗಾಣಿ, ರಬ್ಬರು, ಕಾಗದ, ಎಣ್ಣೆ, ಅಭ್ರಕ, ಅರಗು, ಇವನ್ನು ನೆನೆಯುವವರು ವಿರಳ. ಶಾಸ್ತ್ರಗ್ರಂಥಗಳಲ್ಲಿ ಇವಕ್ಕೆ ಅವಾಹಕಗಳೆಂದು ಹೆಸರು. ತಾಮ್ರಕ್ಕೆ ಮುಪ್ಪು ಬರುವುದು ಬಹಳ ನಿಧಾನ. ಅದರ ಹೊದಿಕೆಗಾದರೋ ನಮ್ಮ ನಿಮ್ಮಂತೆಯೇ ವಯಸ್ಸಾಗುತ್ತದೆ.

ಇವುಗಳಲ್ಲಿ ದೀರ್ಘಾಯುಷಿ ಪಿಂಗಾಣಿ. ಶಿವನಸಮುದ್ರದ ಮಾರ್ಗದಲ್ಲಿ ಹರಿದದ್ದು 30,000 ವೋಲ್ಟಿಗೆ ಕಡಿಮೆಯಿಲ್ಲದ ವಿದ್ಯುತ್ತು. ಅದನ್ನು ಕಂಬದಿಂದ ದೂರವಿಟ್ಟದ್ದು ಮೆರುಗು ಕೊಟ್ಟ ಪಿಂಗಾಣಿಯ ಬಟ್ಟಲುಗಳು. ಚೆನ್ನಾಗಿ ಬೆಂದ ಪಿಂಗಾಣಿಗೆ ಬಿಸಿಲು ಮಳೆಗಳ ಭಯವಿಲ್ಲ. ಅರೆಬೆಂದದ್ದಾದರೆ ಅದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು. ಹಲವು ಮಳೆಗಾಲ ನೀರು ಕುಡಿದು, ಒಂದು ದಿನ ಸಿಡಿಲಿನ ಹೊಡೆತಕ್ಕೆ ತೂತು ಬೀಳುತ್ತದೆ. ಬಟ್ಟಲನ್ನೂ ಕಬ್ಬಿಣವನ್ನೂ ಕೂಡಿಸುವ ಸಿಮೆಂಟು ವರ್ಷಗಳು ಕಳೆದಂತೆ ಉಬ್ಬಿ ಪಿಂಗಾಣಿಯನ್ನೇ ಸೀಳಿದ ಉದಾಹರಣೆಗಳೂ ಇವೆ. ಮೈಸೂರು ಸರ್ಕಾರ 1932ರಲ್ಲಿ ಬೆಂಗಳೂರಿನಲ್ಲಿಯೇ ಪಿಂಗಾಣಿ ಕಾರ್ಖಾನೆಯನ್ನು ತೆರೆಯಿತು. 1976ರಲ್ಲಿ ಅದು ಬಿ.ಎಚ್.ಇ.ಎಲ್. ಸಂಸ್ಥೆಯ ಕೈ ಸೇರಿತು.

ಇನ್ನು ಕಾಗದ ಮತ್ತು ಎಣ್ಣೆ. ಮೆಜೆಸ್ಟಿಕ್‌ನಿಂದ ಆನಂದರಾವ್ ವೃತ್ತದ ಕಡೆಗೆ ನಡೆದು ಹೋಗುವಾಗ ರಸ್ತೆಯ ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರುಗಳನ್ನು ಕಾಣುತ್ತೇವೆ. ಅವುಗಳ ಹೊಟ್ಟೆಯೊಳಗೆ ತಾಮ್ರದ ಸುರುಳಿಗೆ ಸುತ್ತಿರುವುದು ಕಾಗದ, ಅದು ಮುಳುಗಿರುವುದು ಎಣ್ಣೆಯಲ್ಲಿ. ಕಾಗದವೆಂದರೆ ಮರದ ನಾರು. ಸಾವಿರಕ್ಕೂ ಮಿಕ್ಕಿದ ಕೊಂಡಿಗಳುಳ್ಳ ಅಣುಗಳ ಸರಪಳಿ. ಶಾಖದಿಂದ ಆ ಸರಪಳಿ ತುಂಡಾಗುತ್ತ ಸುಮಾರು ಇನ್ನೂರು ಕೊಂಡಿಗೆ ಇಳಿದಾಗ ಕಾಗದದ ಆಯುಷ್ಯ ಮುಗಿಯಿತೆಂದೇ ಲೆಕ್ಕ. ಅಮೆರಿಕದ ಮಾಂಟ್ಸಿಂಗರ್ ಎಂಬ ಎಂಜಿನಿಯರು 1930ರಲ್ಲಿ ಒಂದು ಸೂತ್ರ ಹೇಳಿದರು: ಶಾಖ 8 ಡಿಗ್ರಿ ಸೆಂಟಿಗ್ರೇಡ್ ಏರಿದರೆ ಆಯುಷ್ಯ ಅರ್ಧವಾಗುತ್ತದೆ. ವಿಪರ್ಯಾಸವೆಂದರೆ, ಕಾಗದ ಶಿಥಿಲವಾಗುವಾಗ ಅದರಿಂದ ನೀರು ಹುಟ್ಟುತ್ತದೆ; ಆ ನೀರು ಉಳಿದ ಕಾಗದವನ್ನು ಇನ್ನಷ್ಟು ಬೇಗ ತಿನ್ನುತ್ತದೆ. ಹೊರಗಿನ ತೇವವಾದರೂ ಒಳಗೆ ಹೋಗದಿರಲೆಂದು ಪಕ್ಕದಲ್ಲಿ ಪುಟ್ಟ ಗಾಜಿನ ಡಬ್ಬಿ, ಅದರೊಳಗೆ ನೀಲಿ ಹರಳು. ತೇವ ಹೀರಿ ಹೀರಿ ಅದು ಗುಲಾಬಿ ಬಣ್ಣಕ್ಕೆ ತಿರುಗಿತೆಂದರೆ ಹರಳನ್ನು ಬದಲಿಸುವ ಕಾಲ ಬಂತು. ಓಡುವ ಯಂತ್ರದಿಂದ ಕಾಗದವನ್ನು ಕತ್ತರಿಸಿ ತೆಗೆಯುವಂತಿಲ್ಲ. ಆದ್ದರಿಂದ ಎಣ್ಣೆಯ ಮಾದರಿಯನ್ನು ತೆಗೆದು, ಅದರಲ್ಲಿ ಕರಗಿದ ವಸ್ತುಗಳಿಂದ ಕಾಗದದ ಸ್ಥಿತಿಯನ್ನು ಊಹಿಸುತ್ತಾರೆ. ನಾಡಿ ನೋಡಿ ರೋಗ ಹೇಳಿದ ಹಾಗೆ! ಇಂತಹ ಪರೀಕ್ಷೆಗಳಿಗೆ ದೇಶದಲ್ಲಿ ಹೆಸರಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ 1960ರಲ್ಲಿ ಸ್ಥಾಪನೆಯಾದದ್ದು ನಮ್ಮ ಬೆಂಗಳೂರಿನಲ್ಲಿಯೇ.

ಆದರೆ ಟ್ರಾನ್ಸ್‌ಫಾರ್ಮರಿನ ಯೋಗಕ್ಷೇಮಕ್ಕೆ ಇಲಾಖೆಯಿದೆ. ಮನೆಯ ಗೋಡೆಯೊಳಗಿನ ತಂತಿಯನ್ನು ಕೇಳುವವರು ಯಾರು?

ಮೆಜೆಸ್ಟಿಕ್‌ಗೆ ಹೆಸರು ಕೊಟ್ಟ ಚಿತ್ರಮಂದಿರ ಇಂದಿಲ್ಲ. ಸುತ್ತಮುತ್ತಲ ಹಳೆಯ ವಸತಿಗೃಹಗಳೂ ಚಾಮರಾಜಪೇಟೆ, ಬಸವನಗುಡಿಗಳ ಹೆಂಚಿನ ಮನೆಗಳೂ ಒಂದೊಂದಾಗಿ ಮರೆಯಾಗುತ್ತಿವೆ. ಉಳಿದವುಗಳಲ್ಲಿ ಸುಣ್ಣದ ಪದರಗಳ ಅಡಿಯಲ್ಲಿ ಮರದ ಪಟ್ಟಿಯ ವೈರಿಂಗ್ ಅಲ್ಲಲ್ಲಿ ಇನ್ನೂ ಕಾಣಸಿಗುತ್ತದೆ. ಆ ಪಟ್ಟಿಯೊಳಗೆ ಇರುವುದು ಗಂಧಕ ಸೇರಿಸಿ ಕಾಯಿಸಿದ ರಬ್ಬರಿನ ತಂತಿ, ಮೇಲೆ ಹತ್ತಿಯ ಹೆಣಿಗೆ. ಗಂಧಕ ತಾಮ್ರವನ್ನು ಕೆಡಿಸುತ್ತದೆ, ತಾಮ್ರ ರಬ್ಬರನ್ನು ಕೆಡಿಸುತ್ತದೆ. ಇಬ್ಬರನ್ನೂ ಬೇರೆಯಿಡಲು ತಾಮ್ರಕ್ಕೆ ತವರದ ಲೇಪ. ಎಷ್ಟು ಜಾಣತನ! ಆದರೂ ಗಾಳಿಯ ಆಮ್ಲಜನಕವನ್ನು ತಡೆಯುವವರಿಲ್ಲ. ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ರಬ್ಬರು ಬಿಗಿದು, ಬಿರಿದು, ಹಪ್ಪಳದಂತಾಗುತ್ತದೆ. ಬಲ್ಬಿನ ಕಾವು ತಾಗುವ ಕಡೆ, ಸ್ವಿಚ್ಚಿನ ಹಿಂದೆ ತಂತಿ ಬಾಗಿರುವ ಕಡೆ, ಇನ್ನೂ ಬೇಗ. ಮುಟ್ಟದಿದ್ದರೆ ಬಿದ್ದುಹೋಗದೆ ಹಾಗೆಯೇ ಕುಳಿತಿರುತ್ತದೆ, ದೀಪವೂ ಉರಿಯುತ್ತಿರುತ್ತದೆ. ಹೊಸ ಫ್ಯಾನು ಹಾಕಲು ಎಲೆಕ್ಟ್ರಿಷಿಯನ್ ಬಂದು ತಂತಿಯನ್ನು ಎಳೆದಾಗ ಪುಡಿಪುಡಿ. ಮಳೆಗಾಲದಲ್ಲಿ ಗೋಡೆ ತೇವವಾದಾಗ ‘ಸ್ವಲ್ಪ ಜುಮ್ಮೆನ್ನುತ್ತದೆ’ ಎಂದು ಮನೆಯವರು ನಕ್ಕು ಸುಮ್ಮನಾಗುವುದುಂಟು. ಅದು ನಗುವ ವಿಷಯವಲ್ಲ.

ರೇಡಿಯೋ ಪ್ರಿಯರಿಗೆ ಇನ್ನೊಂದು ಮಾತು. ಅಟ್ಟದಿಂದಿಳಿಸಿದ ಅಜ್ಜನ ಕಾಲದ ವಾಲ್ವ್ ರೇಡಿಯೋವನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಬೇಡಿ. ಅದರ ಕಂಡೆನ್ಸರುಗಳಲ್ಲಿರುವುದೂ ಮೇಣದ ಕಾಗದವೇ. ತೇವ ಹಿಡಿದು ಸೋರುತ್ತಿರುತ್ತದೆ, ಹಾಡಿಗೆ ಮೊದಲು ಹೊಗೆ ಬಂದೀತು.

ರಬ್ಬರಿನ ಜಾಗಕ್ಕೆ ಬಂದ ಪಿ.ವಿ.ಸಿ. ತಂತಿ ಹೆಚ್ಚು ಬಾಳುತ್ತದೆ, ನಿಜ, ಅದೂ ಅಮರವಲ್ಲ. ಅದನ್ನು ಮೆತ್ತಗಿರಿಸುವ ದ್ರವ್ಯ ಶಾಖಕ್ಕೆ ಮೆಲ್ಲನೆ ಆವಿಯಾಗಿ ಹೊದಿಕೆ ಪೆಡಸಾಗುತ್ತದೆ. ಸಾಮಾನ್ಯ ಪಿ.ವಿ.ಸಿ. ತಂತಿಗೆ ಹಾಕಿರುವ ಮಿತಿ 70 ಡಿಗ್ರಿ. ಎರಡು ದೀಪ, ಒಂದು ರೇಡಿಯೋಗೆಂದು ಎಳೆದ ತಂತಿಗೆ ಇಂದು ಗೀಸರು, ಇಸ್ತ್ರಿ ಪೆಟ್ಟಿಗೆ, ಹವಾನಿಯಂತ್ರಕಗಳನ್ನು ಹೇರಿದರೆ ಆ ಮಿತಿ ದಾಟುವುದು ಕಷ್ಟವಲ್ಲ.

ಹೊದಿಕೆಯ ವಯಸ್ಸನ್ನು ಕಣ್ಣಿನಿಂದ ಅಳೆಯಲಾಗದು. ಅದಕ್ಕೆ ಮೆಗ್ಗರ್ ಎಂಬ ಉಪಕರಣವುಂಟು. ಮೇನ್ ಸ್ವಿಚ್ಚು ಆರಿಸಿ, ಬಲ್ಬುಗಳನ್ನೂ ಉಪಕರಣಗಳನ್ನೂ ಬಿಡಿಸಿ, 500 ವೋಲ್ಟು ಕೊಟ್ಟು, ತಂತಿಗೂ ನೆಲಕ್ಕೂ ನಡುವೆ ಎಷ್ಟು ತಡೆಯಿದೆಯೆಂದು ಅದು ತೋರಿಸುತ್ತದೆ. ಒಂದು ಮೆಗ್ ಓಮ್‌ಗಿಂತ ಕಡಿಮೆಯಾದರೆ ಅನುಮಾನಿಸಬೇಕು. ಲೈಸೆನ್ಸು ಪಡೆದ ಎಲೆಕ್ಟ್ರಿಷಿಯನ್ನರಿಗೆ ಇದು ಅರ್ಧ ದಿನದ ಕೆಲಸ. ಬಂದ ಅಂಕಿಯನ್ನು ತಾರೀಖಿನೊಡನೆ ಮೀಟರ್ ಹಲಗೆಯ ಪಕ್ಕದಲ್ಲಿ ಬರೆದಿಟ್ಟರೆ, ಮುಂದಿನ ಪರೀಕ್ಷೆಯಲ್ಲಿ ಅದು ಎಷ್ಟು ಇಳಿದಿದೆಯೆಂದು ತಾನಾಗಿಯೇ ತಿಳಿಯುತ್ತದೆ.